ಬೈಲಿಗೆ ಬಿದ್ದ ಕೆಂಪು ಮಣ್ಣು: ಉಡುಪಿಯ ಜನ, ಮನೆ, ನೀರು



ಉಡುಪಿಯ ಬಗ್ಗೆ ಮಾತು ಎಂದಾಗ ಮಠ, ರಥಬೀದಿ, ಯಕ್ಷಗಾನ, ಬ್ಯಾಂಕು, ಹೋಟೆಲು ಎಂದು ಒಂದರ ಹಿಂದೊಂದು ವಿಷಯಗಳು ನೆನಪಿಗೆ ಬರುತ್ತವೆ. ಅವುಗಳನ್ನು ಬಲ್ಲವರು, ಅವುಗಳ ಬಗ್ಗೆ ಬರೆದವರು ಈ ಸಭೆಯಲ್ಲೇ ಇದ್ದಾರೆ. ನಾನಿಂದು ಎತ್ತಿಕೊಂಡಿರುವುದು ವೇದಿಕೆಗಳಲ್ಲಿ ಅಷ್ಟಾಗಿ ಬಾರದ ಸಂಗತಿ. ಈ ಊರಲ್ಲಿ ಎಷ್ಟು ಜನ ಇದ್ದಾರೆ, ಎಲ್ಲಿ ಮನೆ ಕಟ್ಟುತ್ತಿದ್ದಾರೆ, ಆ ಮನೆಗಳಿಗೆ ನೀರು ಎಲ್ಲಿಂದ ಬರುತ್ತದೆ, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ.

2001ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಜನಸಂಖ್ಯೆ 11,12,243. 2011ರಲ್ಲಿ 11,77,361. ಹತ್ತು ವರ್ಷಗಳಲ್ಲಿ ಹೆಚ್ಚಿದವರು 65,118 ಮಂದಿ, ಅಂದರೆ ಶೇ 5.85. ಅದೇ ಅವಧಿಯಲ್ಲಿ ಕರ್ನಾಟಕದ ಜನಸಂಖ್ಯೆ ಶೇ 15.6ರಷ್ಟು ಏರಿತ್ತು. ಇಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರು. ರಾಜ್ಯದ ಸರಾಸರಿ 973. ಇದರ ಕಾರಣವನ್ನು ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ಗಂಡಸರು ಮುಂಬಯಿಯಲ್ಲಿದ್ದಾರೆ, ಬೆಂಗಳೂರಿನಲ್ಲಿದ್ದಾರೆ, ದುಬೈ, ಮಸ್ಕತ್, ಕುವೈತ್‌ಗಳಲ್ಲಿದ್ದಾರೆ. ಹುಟ್ಟುವ ಮಕ್ಕಳ ಸಂಖ್ಯೆಯೂ ಕಡಿಮೆ. ಗಣತಿಯ ಪುಸ್ತಕವೊಂದನ್ನೇ ಓದಿದವರು ಇದು ಹೆಚ್ಚು ಒತ್ತಡವಿಲ್ಲದ, ನಿಧಾನವಾಗಿ ಬೆಳೆಯುವ ಜಿಲ್ಲೆ ಎಂದುಕೊಂಡಾರು.

ಈಗ ಸಂತೆಕಟ್ಟೆಯಿಂದ ಕಿನ್ನಿಮುಲ್ಕಿಯವರೆಗೆ ಹೆದ್ದಾರಿ ಬದಿಯಲ್ಲಿ ಹೋಗಿ ನೋಡಿ. ಅಂಬಾಗಿಲಿನಿಂದ ಮಣಿಪಾಲದ ಕಡೆಗೆ ಹತ್ತಿ ನೋಡಿ. ದೊಡ್ಡಣಗುಡ್ಡೆ, ಕುಂಜಿಬೆಟ್ಟು, ಅಂಬಲಪಾಡಿ, ಪರ್ಕಳ, ಎಲ್ಲಿ ಹೋದರೂ ಏಳುತ್ತಿರುವ ಫ್ಲ್ಯಾಟು, ಮಣ್ಣು ತುಂಬಿಸಿ ಕಲ್ಲು ನೆಟ್ಟ ಸೈಟು, ಬೀಗ ಹಾಕಿದ ಹೊಸ ಮನೆ. ಜನ ಹೆಚ್ಚಿದ್ದಕ್ಕಿಂತ ಬಹಳ ವೇಗವಾಗಿ ಮನೆಗಳು ಹೆಚ್ಚಿವೆ. ನನ್ನ ಮಾತಿನ ತಿರುಳೂ ಇದೇ. ನಮ್ಮ ನೀರಿನ ಕೊಳವೆ, ಚರಂಡಿ, ರಸ್ತೆ ಎಲ್ಲವನ್ನೂ ನಾವು ತಲೆ ಎಣಿಸಿ ಯೋಜಿಸುತ್ತಿದ್ದೇವೆ. ಊರಿನ ಮೇಲೆ ಬೀಳುತ್ತಿರುವ ಭಾರವೋ ಮನೆಯ ಲೆಕ್ಕದ್ದು. ಅದಕ್ಕಿಂತಲೂ ಹೆಚ್ಚಾಗಿ, ಆ ಮನೆ ಯಾವ ನೆಲದ ಮೇಲೆ ನಿಂತಿದೆ ಎಂಬುದರ ಲೆಕ್ಕದ್ದು.

ಜನ ಅಷ್ಟಾಗಿ ಹೆಚ್ಚದೆ ಮನೆ ಹೆಚ್ಚಿದ್ದು ಹೇಗೆ? ಒಂದು ಕಾಲಕ್ಕೆ ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಹರಿದುಬರುವ ಕಟ್ಟಿನ ಕುಟುಂಬವೊಂದು ಒಂದೇ ಸೂರಿನಡಿ ಇರುತ್ತಿತ್ತು, ಒಂದೇ ಬಾವಿಯ ನೀರು ಕುಡಿಯುತ್ತಿತ್ತು. 1949ರ ಅಳಿಯಸಂತಾನ ಕಾಯ್ದೆ ಆ ಆಸ್ತಿ ಪಾಲಾಗಲು ದಾರಿ ಮಾಡಿತು. 1974ರ ಭೂಸುಧಾರಣೆ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ನಮ್ಮ ಜಿಲ್ಲೆಯ ಮಟ್ಟಿಗೆ ಆ ಕಾಯ್ದೆಯಷ್ಟು ನ್ಯಾಯದ ಕೆಲಸವನ್ನು ಬೇರಾವ ಕಾಯ್ದೆಯೂ ಮಾಡಿಲ್ಲ ಎಂದು ನಾನು ನಂಬಿದ್ದೇನೆ. ಬಂದ ಜಾಗ ಸಣ್ಣದು. ಮಕ್ಕಳ ಕಾಲಕ್ಕೆ ಇನ್ನೂ ಸಣ್ಣದಾಯಿತು. ಹತ್ತು ಜನರ ಒಂದು ಮನೆ ಮೂವರು, ನಾಲ್ವರು ಇರುವ ಮೂರು ಮನೆಗಳಾಯಿತು. ಪರವೂರಿನಲ್ಲಿ ದುಡಿಯುವವರು ಊರಲ್ಲೊಂದು ಮನೆ ಇರಲಿ ಎಂದು ಕಟ್ಟಿದರು. ವರ್ಷಕ್ಕೊಮ್ಮೆ ಭೂತಕೋಲಕ್ಕೋ ನಾಗಪೂಜೆಗೋ ಬಂದು ಬಾಗಿಲು ತೆಗೆಯುವ ಮನೆಗೂ ಪೂರ್ತಿ ರಸ್ತೆ ಬೇಕು, ಪೂರ್ತಿ ಕೊಳವೆ ಬೇಕು, ಕರೆಂಟಿನ ಕಂಬ ಬೇಕು.

ಇನ್ನೊಂದು ಕಡೆ ಮಣಿಪಾಲ. ಬೋಳು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಗುಡ್ಡವಾಗಿದ್ದ ಜಾಗದಲ್ಲಿ ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭಿಸಿದರು. 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. 1993ರಲ್ಲಿ ಮಣಿಪಾಲಕ್ಕೆ ಡೀಮ್ಡ್ ವಿಶ್ವವಿದ್ಯಾಲಯ ಬಂತು. 1997ರ ಆಗಸ್ಟ್ 25ರಂದು ದಕ್ಷಿಣ ಕನ್ನಡದಿಂದ ಉಡುಪಿ ಬೇರೆ ಜಿಲ್ಲೆಯಾದ ಮೇಲೆ ಜಿಲ್ಲಾಧಿಕಾರಿ ಕಚೇರಿಯಾದ ರಜತಾದ್ರಿಯೂ ಅದೇ ಮಣಿಪಾಲದಲ್ಲಿ ಎದ್ದಿತು. ವಿದ್ಯಾರ್ಥಿಗಳು, ರೋಗಿಗಳು, ರೋಗಿಗಳ ಜೊತೆ ಬಂದವರು, ಕಚೇರಿ ಕೆಲಸಕ್ಕೆ ಬಂದವರು, ಇವರೆಲ್ಲ ನೀರು ಕುಡಿಯುತ್ತಾರೆ, ಬಾಡಿಗೆ ಕೊಡುತ್ತಾರೆ. ಆದರೆ ಇವರಲ್ಲಿ ಹಲವರು ಈ ಊರಿನ ತಲೆಯೆಣಿಕೆಗೆ ಸಿಗುವುದಿಲ್ಲ.

ನಗರಸಭೆಯ ಮಿತಿಯಲ್ಲಿ 2011ರಲ್ಲಿ ಇದ್ದವರು ಸುಮಾರು 1.25 ಲಕ್ಷ, ಸುತ್ತ ಬೆಳೆದ ಊರುಗಳನ್ನೂ ಸೇರಿಸಿದರೆ ಸುಮಾರು 1.65 ಲಕ್ಷ. ನಗರಸಭೆಯ ವಿಸ್ತೀರ್ಣ ಸುಮಾರು 68 ಚದರ ಕಿಲೋಮೀಟರ್. ಒಂದು ಚದರ ಕಿಲೋಮೀಟರಿಗೆ 1,800 ಜನರಷ್ಟಾಯಿತು. ಬೆಂಗಳೂರಿನ ಪಾಲಿಕೆ ಪ್ರದೇಶದಲ್ಲಿ ಅದೇ ವರ್ಷ ಈ ಸಂಖ್ಯೆ 11,000ಕ್ಕೂ ಮಿಕ್ಕಿತ್ತು. ಬಯಲುಸೀಮೆಯಲ್ಲಿ ಊರು ಎಂದರೆ ಒತ್ತೊತ್ತಾಗಿ ಕೂತ ಮನೆಗಳು, ಅದರಾಚೆ ಹೊಲ. ಕರಾವಳಿಯಲ್ಲಿ ಹಾಗಿಲ್ಲ. ಅವರವರ ಗದ್ದೆಯ ಪಕ್ಕ, ತೋಟದ ತಲೆಗೆ ಅವರವರ ಮನೆ. ನೋಡಲು ಚಂದ, ಬದುಕಲು ಹಿತ. ಆದರೆ ಬೆಂಗಳೂರಿನ ಒಂದು ಬೀದಿಯಲ್ಲಿ ನೂರು ಮನೆಗೆ ಸಾಲುವ ಕೊಳವೆ ಇಲ್ಲಿ ಹತ್ತಿಪ್ಪತ್ತು ಮನೆಗೆ ಮುಗಿದುಹೋಗುತ್ತದೆ. ಒಳಚರಂಡಿ ಹಳೆ ಪೇಟೆಯ ವಾರ್ಡುಗಳನ್ನು ದಾಟಿ ಮುಂದೆ ಹೋಗಲು ಇಷ್ಟು ಕಾಲ ಒದ್ದಾಡುತ್ತಿರುವುದಕ್ಕೆ ಆಡಳಿತದ ಸೋಮಾರಿತನ ಒಂದು ಕಾರಣವಾದರೆ, ನಮ್ಮ ನೆಲೆಸುವ ರೀತಿ ಇನ್ನೊಂದು ಕಾರಣ.

ಇನ್ನು ನೆಲದ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ.

ನಮ್ಮ ಹಿರಿಯರು ಗದ್ದೆಯನ್ನು ಮೂರು ಬಗೆಯಾಗಿ ಕಂಡಿದ್ದರು. ತಗ್ಗಿನಲ್ಲಿರುವುದು ಬೈಲು, ನೀರು ನಿಲ್ಲುವುದು ಅಲ್ಲಿ, ಒಳ್ಳೆಯ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಅದರ ಮೇಲಿನ ಹಂತ ಮಜಲು, ಎರಡು ಬೆಳೆ. ಎಲ್ಲಕ್ಕಿಂತ ಮೇಲೆ ಬೆಟ್ಟು, ಮಳೆಯನ್ನೇ ನಂಬಿದ ಒಂದು ಬೆಳೆ. ಮನೆ ಇರುತ್ತಿದ್ದದ್ದು ಬೆಟ್ಟಿನ ಅಂಚಿನಲ್ಲಿ ಅಥವಾ ಗುಡ್ಡದ ಬುಡದಲ್ಲಿ. ಬೈಲಿನ ನಡುವೆ ಮನೆ ಕಟ್ಟುವ ಯೋಚನೆಯನ್ನೇ ಯಾರೂ ಮಾಡುತ್ತಿರಲಿಲ್ಲ. ಗುಡ್ಡದ ಮುರಕಲ್ಲು ಮಳೆ ನೀರನ್ನು ಕುಡಿದು ನಿಧಾನವಾಗಿ ಕೆಳಗೆ ಬಿಡುತ್ತಿತ್ತು. ಬೈಲು ಅದನ್ನು ಹುಣಿಯ, ಅಂದರೆ ಗದ್ದೆಯ ಬದುವಿನ, ಒಳಗೆ ತಡೆದು ನಿಲ್ಲಿಸಿ, ಉಳಿದದ್ದನ್ನು ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಬಿಡುತ್ತಿತ್ತು. ಬೇಸಗೆಯಲ್ಲಿ ಬಾವಿಗಳಲ್ಲಿ ನೀರಿದ್ದದ್ದು ಈ ವ್ಯವಸ್ಥೆಯಿಂದ.

ಒಂದು ಎಕ್ರೆ ಬೈಲುಗದ್ದೆಯಲ್ಲಿ ಅರ್ಧ ಅಡಿ ನೀರು ನಿಂತರೆ ಅದು ಆರು ಲಕ್ಷ ಲೀಟರಿಗೂ ಹೆಚ್ಚು. ನೂರು ಎಕ್ರೆಯ ಬೈಲು ಆರು ಕೋಟಿ ಲೀಟರ್ ಹಿಡಿಯುತ್ತದೆ. ಸರ್ಕಾರದ ಒಂದು ಪೈಸೆ ಖರ್ಚಿಲ್ಲದೆ, ಟೆಂಡರಿಲ್ಲದೆ, ಅನ್ನ ಬೆಳೆಯುತ್ತಲೇ ಹಿಡಿಯುತ್ತದೆ.

ಆ ಗದ್ದೆ ಇವತ್ತು ಯಾಕೆ ಸೈಟಾಗುತ್ತಿದೆ? ಭತ್ತ ಬೆಳೆದವರಿಗೆ ಸಿಗುವುದೇನು ಎಂದು ಕೇಳಿ ನೋಡಿ. ನಾಟಿಗೆ ಆಳು ಸಿಗುವುದಿಲ್ಲ, ಸಿಕ್ಕರೆ ಸಂಬಳ ಕೊಟ್ಟು ಪೂರೈಸುವುದಿಲ್ಲ. ಗದ್ದೆ ಬೇಸಾಯವಿಲ್ಲದೆ ಹಡಿಲು ಬೀಳುತ್ತದೆ. ಕೆಲವು ವರ್ಷ ಹಡಿಲು ಬಿದ್ದ ಗದ್ದೆಯಲ್ಲಿ ಹುಣಿ ಕುಸಿಯುತ್ತದೆ, ತೋಡು ಹೂಳು ತುಂಬಿ ಮುಚ್ಚುತ್ತದೆ. ಆಗ ಬರುತ್ತದೆ ಗುಡ್ಡ ಕಡಿದ ಕೆಂಪು ಮಣ್ಣಿನ ಟಿಪ್ಪರ್. ಒಂದೇ ಮಣ್ಣು ಎರಡು ಕಡೆ ಹಾನಿ ಮಾಡುತ್ತದೆ: ಮೇಲೆ ನೀರು ಕುಡಿಯುವ ಗುಡ್ಡ ಹೋಯಿತು, ಕೆಳಗೆ ನೀರು ಹಿಡಿಯುವ ಬೈಲು ಹೋಯಿತು. ಮಗಳ ಮದುವೆಗೆ, ಮಗನ ಓದಿಗೆ ಅಂತ ಆ ಗದ್ದೆ ಮಾರಿದ ಕುಟುಂಬವನ್ನು ದೂರಲು ನನಗೆ ಮನಸ್ಸು ಬಾರದು. ಅವರ ಬಳಿ ಇದ್ದ ಒಂದೇ ಬೆಲೆಬಾಳುವ ವಸ್ತು ಅದು.

ಅಂಥ ಸೈಟೊಂದನ್ನು ಲೆಕ್ಕಕ್ಕೆ ಹಿಡಿಯೋಣ: ಐದು ಸೆಂಟ್ಸ್ ಜಾಗ ಎಂದರೆ ಸುಮಾರು 200 ಚದರ ಮೀಟರ್. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಆ ಐದು ಸೆಂಟ್ಸಿನ ಮೇಲೆ ವರ್ಷಕ್ಕೆ ಎಂಟು ಲಕ್ಷ ಲೀಟರ್ ನೀರು ಬೀಳುತ್ತದೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ನಗರದ ಅಳತೆ ಹಿಡಿದರೂ ನಾಲ್ಕು ಜನರ ಮನೆಗೆ ವರ್ಷಕ್ಕೆ ಬೇಕಾಗುವುದು ಎರಡು ಲಕ್ಷ ಲೀಟರಿಗಿಂತ ಕಡಿಮೆ. ತಮಗೆ ಬೇಕಾದ ನಾಲ್ಕು ಪಾಲು ನೀರು ತಮ್ಮ ಜಾಗದ ಮೇಲೇ ಬೀಳುವ ಜನ ನಾವು. ಅದೇ ಜಾಗಕ್ಕೆ ಅಂಗಳದ ತುಂಬ ಇಂಟರ್‌ಲಾಕ್ ಹಾಕಿಸಿ, ಆ ಎಂಟು ಲಕ್ಷ ಲೀಟರನ್ನು ಕೆಳಮನೆಯವರ ಕಡೆಗೆ ತಳ್ಳಿ, ಏಪ್ರಿಲಿನಲ್ಲಿ ಟ್ಯಾಂಕರಿಗೆ ಫೋನು ಮಾಡುತ್ತಿದ್ದೇವೆ.

ಬರ ಮತ್ತು ನೆರೆ ಎಂಬ ಇದರ ಎರಡೂ ಮುಖಗಳನ್ನು ಹದಿನಾರು ತಿಂಗಳ ಅಂತರದಲ್ಲಿ ಉಡುಪಿ ಕಂಡಿತು. 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿತು. ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ನದಿಯ ಮೇಲ್ಭಾಗದ ಗುಂಡಿಗಳಲ್ಲಿ ನಿಂತಿದ್ದ ನೀರನ್ನು ಪಂಪಿನಿಂದ ಎತ್ತಿ ಅಣೆಕಟ್ಟಿನ ಕಡೆಗೆ ಹಾಯಿಸಲು ಊರವರು ಶ್ರಮದಾನಕ್ಕೆ ಇಳಿದರು. ಆಮೇಲೆ 2020ರ ಸೆಪ್ಟೆಂಬರ್ 20. ಹಿಂದಿನ ರಾತ್ರಿಯಿಂದ ಸುರಿದ ಮಳೆಗೆ ಬೆಳಗಾಗುವಾಗ ಕಲ್ಸಂಕ, ಬೈಲಕೆರೆ, ಗುಂಡಿಬೈಲು, ಮಠದಬೆಟ್ಟು ನೀರಿನಲ್ಲಿದ್ದವು. ಕೃಷ್ಣ ಮಠದ ಪಾರ್ಕಿಂಗ್ ಜಾಗದಲ್ಲಿ ದೋಣಿ ಓಡಾಡುವಷ್ಟು ನೀರು. ಮನೆಯ ಮೇಲ್ಮಹಡಿಗೆ ಹತ್ತಿ ಕೂತವರನ್ನು ದೋಣಿಯಲ್ಲಿ ಇಳಿಸಿ ತಂದವರಲ್ಲಿ ನಮ್ಮ ಮೀನುಗಾರರೂ ಇದ್ದರು. ಇದನ್ನು ನಾವು ಮರೆಯಬಾರದು.

ಅಂದಿನ ಮಳೆ ಅಪರೂಪದ್ದು ಎಂಬುದು ನಿಜ. ಆದರೆ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಜಿಲ್ಲೆಯಲ್ಲಿ ನೀರು ಹರಿಯುವುದು ಮೂಡಣದಿಂದ ಪಡುವಣಕ್ಕೆ, ಘಟ್ಟದಿಂದ ಕಡಲಿಗೆ. ನಾವು ಕಟ್ಟಿದ ದೊಡ್ಡದೆಲ್ಲ ತೆಂಕಣದಿಂದ ಬಡಗಣಕ್ಕೆ. 1993ರಲ್ಲಿ ಮಂಗಳೂರು–ಉಡುಪಿ ನಡುವೆ ಕೊಂಕಣ ರೈಲು ಓಡಲು ತೊಡಗಿತು. ಅದರ ಹಳಿ ಏರಿಯ ಮೇಲೆ ಸಾಗುತ್ತದೆ. ಹಿಂದೆ 17 ಎಂದು ಕರೆಯುತ್ತಿದ್ದ, ಈಗಿನ 66ನೆಯ ರಾಷ್ಟ್ರೀಯ ಹೆದ್ದಾರಿ ಚತುಷ್ಪಥವಾದಾಗ ಹಲವು ಕಡೆ ಅಕ್ಕಪಕ್ಕದ ಗದ್ದೆಗಿಂತ ಆಳೆತ್ತರ ಮೇಲೆದ್ದಿತು. ಎರಡೂ ಬೇಕಾದವೇ, ರೈಲು ಬಂದದ್ದರಿಂದ ಈ ಜಿಲ್ಲೆಯ ಬದುಕು ಎಷ್ಟು ಬದಲಾಯಿತೆಂದು ನಮಗೆಲ್ಲ ಗೊತ್ತು. ಆದರೆ ನೀರಿನ ಕಡೆಯಿಂದ ನೋಡಿದರೆ ಅವು ಉದ್ದಕ್ಕೂ ಕಟ್ಟಿದ ಎರಡು ಒಡ್ಡುಗಳು. ಅಲ್ಲಲ್ಲಿ ಒಂದು ಮೋರಿ, ಅಲ್ಲಲ್ಲಿ ಒಂದು ಕಿರುಸೇತುವೆ. ಮೊದಲು ಇಡೀ ಬೈಲಿನ ಅಗಲಕ್ಕೆ ಹರಡಿ ಹೋಗುತ್ತಿದ್ದ ನೀರು ಈಗ ಆ ಮೋರಿಯ ಅಗಲದಲ್ಲೇ ಹೋಗಬೇಕು. ಮೋರಿಯ ಕೆಳಗೆ ಯಾರೋ ಸೈಟು ಮಾಡಿ ಕಂಪೌಂಡು ಕಟ್ಟಿದ್ದರೆ ನೀರು ಹಿಂದಕ್ಕೆ ಏರಿ ಮನೆ ಹೊಕ್ಕದೆ ಬೇರೆ ದಾರಿ ಇಲ್ಲ.

ಕಲ್ಸಂಕದಲ್ಲಿ ಹರಿಯುವ ಇಂದ್ರಾಣಿಯ ಕತೆಯನ್ನು ಹೇಳದೆ ಮುಂದೆ ಹೋಗಲಾರೆ. ಮಣಿಪಾಲದ ಗುಡ್ಡದ ಇಳಿಜಾರಿನಲ್ಲಿ ಹುಟ್ಟಿ, ಪೇಟೆಯನ್ನು ಹಾದು, ಕೊಡವೂರು, ಕಲ್ಮಾಡಿಯ ಕಡೆಗೆ ಹರಿದು ಮಲ್ಪೆಯ ಬಳಿ ಕಡಲು ಸೇರುವ ಸಣ್ಣ ಹೊಳೆ ಅದು. ಇವತ್ತು ಪೇಟೆಯಿಂದ ಕೆಳಗೆ ಅದರ ನೀರಿನ ಬಣ್ಣ, ವಾಸನೆ ಹೇಗಿದೆ ಎಂದು ದಡದ ಮನೆಯವರನ್ನು ಕೇಳಿ. ವಸತಿಗೃಹ, ಹೋಟೆಲು, ಫ್ಲ್ಯಾಟುಗಳ ಕೊಳಚೆ, ಒಳಚರಂಡಿಯಿಂದ ಉಕ್ಕಿದ್ದು, ಎಲ್ಲವೂ ಅದಕ್ಕೇ ಸೇರುತ್ತಿದೆ. ನಿಟ್ಟೂರಿನಲ್ಲಿ ಶುದ್ಧೀಕರಣ ಘಟಕ ಇದೆ. ಅಲ್ಲಿಗೆ ತಲಪದ ಕೊಳಚೆ ಹೊಳೆಗೆ ತಲಪುತ್ತದೆ. ದಡದ ಬಾವಿಗಳು ಕೆಟ್ಟಿವೆ. ಮೇಲಿನವರು ಫ್ಲಶ್‌ನ ಒಂದು ಗುಂಡಿ ಒತ್ತಿ ಮರೆತದ್ದನ್ನು ಕೆಳಗಿನವರು ದಿನವಿಡೀ ಮೂಗಿನಲ್ಲಿ, ಬಾವಿಯಲ್ಲಿ, ಮಕ್ಕಳ ಮೈಯ ತುರಿಕೆಯಲ್ಲಿ ಅನುಭವಿಸುತ್ತಾರೆ. ಇದನ್ನು ನಾನು ತಾಂತ್ರಿಕ ತೊಂದರೆ ಎಂದು ಕರೆಯಲು ಒಪ್ಪುವುದಿಲ್ಲ. ಇದು ಅನ್ಯಾಯ.

ಹೀಗೆ ಒತ್ತಿ ಹೇಳಲು ಕಾರಣವಿದೆ. 1968ರಲ್ಲಿ ಉಡುಪಿ ಪುರಸಭೆಯ ಅಧ್ಯಕ್ಷರಾದ ಡಾ. ವಿ.ಎಸ್. ಆಚಾರ್ಯರ ಕಾಲದಲ್ಲಿ ಈ ಊರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿತು. ದೇಶದಲ್ಲೇ ಹಾಗೆ ಮಾಡಿದ ಮೊದಲಿಗರಲ್ಲಿ ಉಡುಪಿಯ ಹೆಸರಿದೆ. ದೇಶದ ಸಂಸತ್ತು ಅದಕ್ಕೊಂದು ಕಾಯ್ದೆ ಮಾಡಿದ್ದು 1993ರಲ್ಲಿ. ಕೋಟಿಗಟ್ಟಲೆ ಅನುದಾನ ಇಲ್ಲದ ಸಣ್ಣ ಪುರಸಭೆಯೊಂದು, ಒಬ್ಬರ ಮಲವನ್ನು ಇನ್ನೊಬ್ಬರು ಹೊರಬಾರದು ಎಂದು ತೀರ್ಮಾನಿಸಿ ನಡೆದುಕೊಂಡಿತು. ಅಂಥ ಊರು ಇಂದು ಕೊಡವೂರಿನವರ ಹಿತ್ತಲಿಗೆ ಅದೇ ಮಲವನ್ನು ಹೊಳೆಯ ಮೂಲಕ ಕಳಿಸುತ್ತಿದೆ.

ಪೇಟೆಯ ಹೊರಗೆ ಒಳಚರಂಡಿಯೇ ಇಲ್ಲದ ಕಡೆ ಇನ್ನೊಂದು ಬಗೆಯ ಅಪಾಯ. ಐದು ಸೆಂಟ್ಸ್ ಜಾಗ ಚೌಕವಾಗಿದ್ದರೆ ಒಂದು ಬದಿ ಸುಮಾರು 14 ಮೀಟರ್. ನಡುವೆ ಮನೆ, ಒಂದು ಮೂಲೆಗೆ ಬಾವಿ, ಇನ್ನೊಂದು ಮೂಲೆಗೆ ಶೌಚದ ಗುಂಡಿ. ನಿಮ್ಮ ಗುಂಡಿಯನ್ನು ನೀವು ಬಾವಿಯಿಂದ ದೂರವೇ ತೋಡಿಸಿರಬಹುದು. ಆದರೆ ಪಕ್ಕದ ಸೈಟಿನವರ ಗುಂಡಿ ನಿಮ್ಮ ಬಾವಿಗೆ ತಾಗಿಕೊಂಡೇ ಇರುತ್ತದೆ, ಅವರ ಬಾವಿಗೆ ನಿಮ್ಮ ಗುಂಡಿ. ಮುರಕಲ್ಲು ತೂತು ತೂತಾದ ಕಲ್ಲು. ಮಳೆಗಾಲದಲ್ಲಿ ನೀರಿನ ಮಟ್ಟ ನೆಲದವರೆಗೆ ಏರಿದಾಗ ಬಾವಿಗೂ ಗುಂಡಿಗೂ ನಡುವೆ ತಡೆ ಎಂಬುದೇ ಉಳಿಯುವುದಿಲ್ಲ. ಒಂದು ಎಕ್ರೆಯಲ್ಲಿ ಒಂದು ಮನೆ ಇದ್ದಾಗ ಇದು ತೊಂದರೆ ಆಗಿರಲಿಲ್ಲ. ಅದೇ ಎಕ್ರೆಯಲ್ಲಿ ಹದಿನೈದು ಮನೆ ಬಂದಾಗ ಆಗುತ್ತದೆ. ಜಿಲ್ಲೆಯ ಜನಸಂಖ್ಯೆ ಶೇ 5.85 ಮಾತ್ರ ಏರಿದೆ ಎಂಬ ಅಂಕಿ ಆ ಹದಿನೈದು ಬಾವಿಗಳ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹಾಗಾದರೆ ಎಲ್ಲರಿಗೂ ನಲ್ಲಿ ನೀರು ಕೊಟ್ಟರಾಯಿತಲ್ಲ ಎನ್ನಬಹುದು. ಅದಕ್ಕಾಗಿಯೇ ವಾರಾಹಿ ನದಿಯ ನೀರನ್ನು ಹಾಲಾಡಿ ಬಳಿಯ ಭರತ್ಕಲ್‌ನಿಂದ ಕೊಳವೆಯಲ್ಲಿ ಉಡುಪಿಗೆ ತರುವ ಯೋಜನೆ ಹಾಕಿಕೊಂಡಿದ್ದಾರೆ. ಬಜೆ ಕೈಕೊಟ್ಟ ಬೇಸಗೆಗಳನ್ನು ಕಂಡವನಾಗಿ ನಾನದನ್ನು ಸ್ವಾಗತಿಸುತ್ತೇನೆ. ಎರಡು ಮಾತು ಮಾತ್ರ ಹೇಳಬೇಕು. ವಾರಾಹಿ ನೀರಾವರಿ ಯೋಜನೆಗೆ ಮಂಜೂರಾತಿ ಸಿಕ್ಕಿದ್ದು 1970ರ ದಶಕದ ಕೊನೆಗೆ. ಕಾಲುವೆಯಲ್ಲಿ ನೀರು ಹರಿಯುವಷ್ಟರಲ್ಲಿ ಮೂರು ದಶಕಕ್ಕೂ ಹೆಚ್ಚು ಕಳೆಯಿತು. ಆ ನೀರಿಗಾಗಿ ಕಾದ ರೈತರು ಕುಂದಾಪುರದ ಕಡೆ ಇನ್ನೂ ಇದ್ದಾರೆ, ಅವರ ಹಕ್ಕು ಮೊದಲಿನದು. ಎರಡನೆಯದು, ಮನೆಗೆ ಬಂದ ನೀರಿನಲ್ಲಿ ಬಹುಪಾಲು ಕೊಳಚೆಯಾಗಿ ಹೊರಗೆ ಹೋಗುತ್ತದೆ. ಬರುವ ಕೊಳವೆಯನ್ನು ದಪ್ಪ ಮಾಡಿ ಹೋಗುವ ದಾರಿಯನ್ನು ಇದ್ದಂತೆಯೇ ಬಿಟ್ಟರೆ ವಾರಾಹಿಯ ನೀರೂ ಇಂದ್ರಾಣಿಗೇ ಬಂದು ಸೇರುತ್ತದೆ.

ಮನೆ ಕಟ್ಟಲು ಅನುಮತಿ ಪಡೆಯುವವರ ಪಾಡು ನಿಮಗೆ ಗೊತ್ತಿರುವುದೇ. ಕೃಷಿ ಜಮೀನಿಗೆ ಕನ್ವರ್ಷನ್ ಆಗಬೇಕು, ಏಕ ನಿವೇಶನ ವಿನ್ಯಾಸಕ್ಕೆ ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆ ಬೇಕು, ಪಂಚಾಯತಿನಲ್ಲಿ 9/11 ಎಂದು ಕರೆಯುವ ಆಸ್ತಿ ನಮೂನೆ ಆಗಬೇಕು. ಅಪ್ಪನ ಜಾಗದಲ್ಲಿ ಐದು ಸೆಂಟ್ಸ್ ಪಾಲು ಪಡೆದು ಮನೆ ಕಟ್ಟಬೇಕೆಂದಿರುವ ಹುಡುಗನೊಬ್ಬ 9/11ಕ್ಕಾಗಿ ತಿಂಗಳುಗಟ್ಟಲೆ ಅಲೆಯುತ್ತಾನೆ. ಇಷ್ಟೆಲ್ಲ ಕಾಗದಗಳಲ್ಲಿ ರಸ್ತೆಯ ಅಗಲ ಕೇಳುತ್ತಾರೆ, ಹದ್ದುಬಸ್ತು ಕೇಳುತ್ತಾರೆ. ನೀನು ಮಣ್ಣು ತುಂಬಿಸಿದ ಮೇಲೆ ಮೇಲಿನ ಗದ್ದೆಯ ನೀರು ಯಾವ ಕಡೆಯಿಂದ ಹೋಗಬೇಕು ಎಂಬ ಪ್ರಶ್ನೆಗೆ ಆ ಹುಡುಗ ಒಂದು ಕಡೆಯೂ ಉತ್ತರ ಬರೆಯಬೇಕಾಗಿ ಬರುವುದಿಲ್ಲ. ನಿಯಮ ಕಡಿಮೆಯಾಗಿಲ್ಲ, ಕೇಳಬೇಕಾದ ಪ್ರಶ್ನೆಯನ್ನು ಕೇಳುತ್ತಿಲ್ಲ.

ನೆರೆಯ ಕೇರಳ 2008ರಲ್ಲಿ ಭತ್ತದ ಗದ್ದೆ ಮತ್ತು ಜೌಗು ನೆಲಗಳನ್ನು ಉಳಿಸಲು ಒಂದು ಕಾಯ್ದೆ ಮಾಡಿತು. ನಮ್ಮಲ್ಲೂ ಅದನ್ನೇ ತನ್ನಿ ಎನ್ನುವ ಗೆಳೆಯರಿದ್ದಾರೆ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಬೈಲನ್ನು ಮುಟ್ಟಬಾರದು ಎಂದು ಬರೀ ನಿಷೇಧ ಹಾಕಿದರೆ ಅದರ ಪೂರ್ತಿ ಬೆಲೆ ತೆರುವವರು 1974ರ ಕಾಯ್ದೆಯಲ್ಲಿ ಒಂದೆರಡು ಎಕ್ರೆ ಪಡೆದ ಮನೆಯವರು. ಬೆಟ್ಟಿನಲ್ಲಿ ಜಾಗ ಇದ್ದ ದೊಡ್ಡ ಹಿಡುವಳಿದಾರರ ಜಾಗಕ್ಕೆ ಆಗ ಇನ್ನೂ ಬೆಲೆ ಏರುತ್ತದೆ. ಇಡೀ ಊರಿಗೆ ನೆರೆ ಬಾರದಂತೆ ನೀರು ಹಿಡಿದುಕೊಡುವ ಗದ್ದೆಗೆ ಊರು ವರ್ಷಕ್ಕಿಷ್ಟು ಎಂದು ಹಣ ಕೊಡಲಿ. ಫ್ಲ್ಯಾಟುಗಳ ಅನುಮತಿಯಿಂದ ಬರುವ ಶುಲ್ಕದ ಒಂದು ಪಾಲನ್ನು ಅದಕ್ಕೆ ತೆಗೆದಿಡಬಹುದು. ಕಟ್ಟಲೇಬೇಕಾದ ಕಡೆ ಮಣ್ಣು ತುಂಬಿಸದೆ ಕಂಬದ ಮೇಲೆ ಮನೆ ಎತ್ತಲಿ, ಕೆಳಗೆ ನೀರು ಹಾಯಲಿ.

ಮಲ್ಪೆಯ ವಿಷಯ ಉಳಿದಿದೆ. ರಾಜ್ಯದ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಅದೊಂದು. ಬೋಟುಗಳಲ್ಲಿ ದುಡಿಯುವವರಲ್ಲಿ ಒಡಿಶಾದವರು, ಆಂಧ್ರದವರು, ಉತ್ತರ ಕನ್ನಡದವರು ಬಹಳ. ಪೇಟೆಯ ಕಟ್ಟಡಗಳಿಗೆ ಕಲ್ಲು, ಜಲ್ಲಿ ಹೊರುವವರು ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯವರು. ಈಗೀಗ ಜಾರ್ಖಂಡ್, ಅಸ್ಸಾಮಿನವರು. ಇಷ್ಟು ಹೊತ್ತು ನಾನು ಹೇಳಿದ ಮನೆಗಳನ್ನೆಲ್ಲ ಕಟ್ಟಿದವರು ಇವರು. ಇವರಿಗೆ ಈ ಊರಲ್ಲಿ ಇರಲು ಮನೆ ಇಲ್ಲ. ತಗಡಿನ ಶೆಡ್ಡು, ಒಂದು ಕೋಣೆಗೆ ಎಂಟು ಜನ, ಹತ್ತು ಕುಟುಂಬಕ್ಕೆ ಒಂದು ಶೌಚಾಲಯ, ಸಾಲದ್ದಕ್ಕೆ ಬಯಲು. ಬೀಗ ಹಾಕಿದ ಮನೆಗಳ ಸಾಲಿನ ಹಿಂದೆಯೇ ಇಂಥ ಶೆಡ್ಡುಗಳಿವೆ. ಮಳೆಗಾಲದಲ್ಲಿ ಮೊದಲು ನೀರು ನುಗ್ಗುವುದೂ ಅಲ್ಲಿಗೇ, ಯಾರಿಗೂ ಬೇಡದ ತಗ್ಗು ಜಾಗವನ್ನೇ ಅವರಿಗೆ ಕೊಟ್ಟಿರುತ್ತಾರೆ.

ಇದಕ್ಕೆ ಹಣ ಇಲ್ಲ ಎಂದು ಹೇಳುವಂತಿಲ್ಲ. 1996ರ ಕಾಯ್ದೆ ಬಂದಂದಿನಿಂದ ದೊಡ್ಡ ಕಟ್ಟಡಗಳ ವೆಚ್ಚದ ಶೇ 1ನ್ನು ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಸೆಸ್ ಆಗಿ ಕಟ್ಟಿಸಿಕೊಳ್ಳುತ್ತಾ ಬಂದಿದ್ದಾರೆ. ಉಡುಪಿ, ಮಣಿಪಾಲದ ಪ್ರತಿ ಫ್ಲ್ಯಾಟಿನ ಬೆಲೆಯೊಳಗೆ ಆ ಪಾಲು ಸೇರಿದೆ. 2020ರಲ್ಲಿ ಕೇಂದ್ರ ಸರ್ಕಾರ ವಲಸೆ ಬಂದ ದುಡಿಮೆಗಾರರಿಗೆ ಕಡಿಮೆ ಬಾಡಿಗೆಯ ವಸತಿ ಸಂಕೀರ್ಣಗಳ ಯೋಜನೆಯನ್ನೂ ಪ್ರಕಟಿಸಿತು. ಮಲ್ಪೆಯ ಹತ್ತಿರ, ನೆರೆ ಬಾರದ ಎತ್ತರದ ಜಾಗದಲ್ಲಿ, ಬಾಡಿಗೆಗೆ ಕೊಡುವ ಗಟ್ಟಿ ಮನೆಗಳ ಒಂದು ಸಮುಚ್ಚಯ ಎದ್ದರೆ ಮಾತ್ರ ಈ ಊರಿನ ವಸತಿ ಯೋಜನೆಗೆ ಯೋಜನೆ ಎಂಬ ಹೆಸರು ಒಪ್ಪುತ್ತದೆ ಎಂದು ನನಗನ್ನಿಸುತ್ತದೆ.

ಆಡಳಿತದ ಗಡಿಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಹೊಸ ಮನೆಗಳು ಹೆಚ್ಚು ಬೀಳುತ್ತಿರುವುದು ನಗರಸಭೆಯ ಅಂಚಿನಲ್ಲಿ, ಅದರಾಚೆಯ ಪಂಚಾಯತುಗಳಲ್ಲಿ: 80 ಬಡಗಬೆಟ್ಟು, ಅಲೆವೂರು, ಅಂಬಲಪಾಡಿ, ಕಡೆಕಾರು, ಕಲ್ಯಾಣಪುರ. ನಗರದ ಕಸ ಹೋಗುವುದು ಅಲೆವೂರಿನ ಕರ್ವಾಲಿಗೆ. ಮನೆ ಪೇಟೆಯದ್ದು, ಪಂಚಾಯತಿನ ಕೈಯಲ್ಲಿರುವ ಹಣ ಹಳ್ಳಿಯದ್ದು. ಹೆದ್ದಾರಿ ಒಬ್ಬರದು, ರೈಲು ಇನ್ನೊಬ್ಬರದು. ಇಂದ್ರಾಳಿಯ ಮೇಲ್ಸೇತುವೆ ವರ್ಷಗಟ್ಟಲೆ ಎಳೆದಾಗ ಯಾರನ್ನು ಕೇಳಬೇಕೆಂಬುದೇ ಜನರಿಗೆ ತಿಳಿಯಲಿಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಕೃಷ್ಣ ಮಠದ ಪರ್ಯಾಯ ಉತ್ಸವ ಹತ್ತಿರ ಬಂದಾಗ ಇದೇ ಇಲಾಖೆಗಳು ಒಂದೇ ಮೇಜಿನ ಸುತ್ತ ಕೂರುತ್ತವೆ, ಗುಂಡಿಗಳು ಮುಚ್ಚುತ್ತವೆ, ದೀಪಗಳು ಉರಿಯುತ್ತವೆ. ಒಟ್ಟಿಗೆ ಕೂತು ಕೆಲಸ ಮಾಡುವುದು ಈ ಊರಿಗೆ ಬರುತ್ತದೆ. ಹಾಗೆ ಪ್ರತಿ ವರ್ಷ ಮೇ ತಿಂಗಳಲ್ಲಿ ತೋಡುಗಳಿಗಾಗಿಯೂ ಕೂರಬೇಕು.

ಮುಂದಿನ ಜನಗಣತಿ 2027ಕ್ಕೆ ನಿಗದಿಯಾಗಿದೆ. ಅದಕ್ಕೂ ಮೊದಲು ನಡೆಯುವ ಮನೆಪಟ್ಟಿಯಲ್ಲಿ ಬೀಗ ಹಾಕಿದ ಮನೆ, ಖಾಲಿ ಮನೆಗಳನ್ನೂ ಗುರುತಿಸುತ್ತಾರೆ. 2011ರ ಅಂಕಿಗಳನ್ನೇ ಹಿಡಿದು ಇಷ್ಟು ವರ್ಷ ನಡೆಸಿದ ಯೋಜನೆಗಳಿಗೆ ಹೊಸ ಲೆಕ್ಕ ಸಿಗಲಿದೆ. ಆ ಲೆಕ್ಕ ಬರುವಾಗ ನಮ್ಮ ಕೈಯಲ್ಲಿ ಇನ್ನೊಂದು ನಕ್ಷೆ ಸಿದ್ಧವಾಗಿರಬೇಕು ಎಂಬುದು ನನ್ನ ಕೋರಿಕೆ.

ಹಳೆಯ ಸರ್ವೆ ನಕ್ಷೆಗಳಲ್ಲಿ ತೋಡು ಪರಂಬೋಕುಗಳು, ಅಂದರೆ ತೋಡಿಗೆಂದು ಬಿಟ್ಟ ಸರ್ಕಾರಿ ಜಾಗಗಳು, ಗೆರೆಯಾಗಿ ಇವೆ. ಕಂದಾಯ ಇಲಾಖೆಯ ಕಪಾಟಿನಲ್ಲಿ ಆ ಕಾಗದ ಇದೆ. ಯಾವ ತೋಡು ಎಲ್ಲಿಂದ ಎಲ್ಲಿಗೆ ಹರಿಯುತ್ತಿತ್ತು ಎಂಬುದನ್ನು ಬಾಯಲ್ಲೇ ಹೇಳಬಲ್ಲ, ಬೇಸಾಯ ಮಾಡಿದ ಹಿರಿಯರು ಪ್ರತಿ ವಾರ್ಡಿನಲ್ಲಿ ಇನ್ನೂ ಕೆಲವರಿದ್ದಾರೆ. ಮಣಿಪಾಲದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುವ ಮಕ್ಕಳಿದ್ದಾರೆ, ಉಪಕರಣಗಳಿವೆ. ಕಂದಾಯ ಇಲಾಖೆಯವರು, ಹಿರಿಯರು, ಈ ವಿದ್ಯಾರ್ಥಿಗಳು, ಮೂವರೂ ಒಂದು ಮಳೆಗಾಲ ಜೊತೆಯಾಗಿ ನಡೆದರೆ 35 ವಾರ್ಡುಗಳ ನೀರಿನ ದಾರಿ ಕಾಗದದ ಮೇಲೆ ಬರುತ್ತದೆ. ಎಲ್ಲಿ ಮೋರಿ ಕಟ್ಟಿಕೊಂಡಿದೆ, ಎಲ್ಲಿ ಕಂಪೌಂಡು ಅಡ್ಡ ಬಂದಿದೆ, ಯಾವ ಬೈಲು ಇನ್ನೂ ಉಳಿದಿದೆ, ಎಲ್ಲವೂ. ಇಂದ್ರಾಣಿಯಿಂದ ಆರಂಭಿಸೋಣ, ಗುಡ್ಡದಿಂದ ಮಲ್ಪೆಯವರೆಗೆ. ಆ ನಕ್ಷೆಯನ್ನು ನಗರಸಭೆಯ ಗೋಡೆಗೂ ಪ್ರತಿ ಪಂಚಾಯತಿನ ಗೋಡೆಗೂ ಹಾಕಲಿ. ಕನ್ವರ್ಷನ್ನಿಗೆ ಅರ್ಜಿ ಬಂದಾಗ ಗುಮಾಸ್ತರು ಮೊದಲು ಆ ಗೋಡೆಯ ನಕ್ಷೆಯಲ್ಲಿ ಸರ್ವೆ ನಂಬರು ಹುಡುಕಿ ನೋಡಲಿ, ಆಮೇಲೆ ರಸ್ತೆಯ ಅಗಲ ಕೇಳಲಿ.